ಆನೆ ದಾಟಿ ಹೋದ ತಿಪ್ಯಾ

ಸರಸಂಬಾದ ಗುರುಶಾಂತಪ್ಪನಿಂದ ಶುರು ಮಾಡಬೇಕು. ಚೌಡಾಪುರದ ಶಿವಕಾಂತಾಳಿಗೆ ಈತ ಮುತ್ತಜ್ಜ. ಮುಹೂರ್ತ ಕೇಳದೆ ಯಾರೂ ಹೊಲಕ್ಕೆ ಕಾಲಿಡದ ಕಾಲದಲ್ಲಿ ಈತ ಅಮಾವಾಸ್ಯೆಯ ದಿನ ಹಿಂಗಾರಿ ಜೋಳ ಬಿತ್ತಿದ. ನೆಲ ಹಸಿ ಇತ್ತು, ಎತ್ತು ದಣಿದಿರಲಿಲ್ಲ, ಕೂರಿಗೆ ಮನೆಯಲ್ಲೇ ಇತ್ತು. ಮತ್ತೇನು ಬೇಕು ಎಂಬುದು ಅವನ ಮಾತು. ಆ ವರ್ಷ ತೆನೆ ಮುಷ್ಟಿಗಾತ್ರ ಬಂತು. ಮರುವರ್ಷ ಅರ್ಧ ಊರು ಅಮಾವಾಸ್ಯೆಗೇ ಕಾದು ಕೂರಿಗೆ ಹೂಡಿತು. ಜೋಳ ಗೇಣುದ್ದ ಎದ್ದು ಅಲ್ಲೇ ನಿಂತುಬಿಟ್ಟಿತು. ಊರವರು ಅವನ ಕಟ್ಟೆಗೆ ಬಂದು ಬಾಯಿಗೆ ಬಂದಂತೆ ಬೈದರು. ಗುರುಶಾಂತಪ್ಪ ತಂಬಾಕು ತಿಕ್ಕುತ್ತ ಅಂದನಂತೆ: "ಹೋದ ವರ್ಷ ನನ್ನ ಹೊಗಳಿದ್ದೂ ಸುಳ್ಳ, ಈ ವರ್ಷ ಬೈಯಾಕತ್ತಿದ್ದೂ ಸುಳ್ಳ. ನೆಲಕ್ಕ ತಿಥಿ ಓದಾಕ ಬರಂಗಿಲ್ಲೋ."

ಅವನ ಮಗ ಮಲಕಪ್ಪ ನಿಜಾಮನ ಕಾಲದಲ್ಲಿ ಆಳಂದದಿಂದ ಸೊಲ್ಲಾಪುರಕ್ಕೆ ಶೇಂಗಾ ಗಾಡಿ ಹೊಡೆಯುತ್ತಿದ್ದ. ಒಮ್ಮೆ ದಾರಿಯಲ್ಲಿ ಅವನ ಗಾಡಿಯ ಅಚ್ಚು ಮುರಿದು ಹಿಂದೆ ಉಳಿದ. ಮುಂದೆ ಹೋದ ಆರು ಗಾಡಿಗಳನ್ನು ಕಳ್ಳರು ಸುಲಿದರು. ಊರಿಗೆ ಬಂದಾಗ ಜನ ಅವನ ಬೆನ್ನು ತಟ್ಟಿ, ನಿನ್ನ ನಸೀಬ ದೊಡ್ಡದು ಅಂದರು. "ನಸೀಬಲ್ಲ, ನಾ ಅಚ್ಚಿಗಿ ಎಣ್ಣಿ ಹಾಕಿರಲಿಲ್ಲ. ಮೈಗಳ್ಳತನಕ್ಕ ಹಾರ ಹಾಕಬ್ಯಾಡ್ರಿ" ಅಂದ ಮಲಕಪ್ಪ, ಅಂದಿನಿಂದ ಸಾಯುವತನಕ ಎಣ್ಣೆ ಹಾಕದೆ ಗಾಡಿ ಹೂಡಲಿಲ್ಲ.

ಮಲಕಪ್ಪನ ಮಗ ಚಂದ್ರಾಮಪ್ಪ ಆಳಂದದಲ್ಲಿ ಪೇಂಟರ್ ಆದ. ಅಂಗಡಿಯ ಬೋರ್ಡು, ಟ್ರ್ಯಾಕ್ಟರಿನ ಟ್ರಾಲಿ, ಲಾರಿಯ ಹಿಂಬದಿ, ಹಬ್ಬಕ್ಕೆ ಎತ್ತಿನ ಕೋಡು, ಯಾವುದಕ್ಕೂ ಇಲ್ಲ ಅನ್ನುತ್ತಿರಲಿಲ್ಲ. ದೃಷ್ಟಿ ತಾಗಬಾರದೆಂದು ಲಾರಿಯವರು ರಾಕ್ಷಸನ ಮುಖ ಬರೆಸುತ್ತಿದ್ದರು. ಈತ ಹಲ್ಲು, ಕೋರೆ, ನಾಲಿಗೆ ಎಲ್ಲವನ್ನೂ ಶ್ರದ್ಧೆಯಿಂದ ಬರೆದು ಕೊನೆಗೆ ಒಂದೇ ಮಂತ್ರ ಹೇಳುತ್ತಿದ್ದ: "ಒಣಗೋತನ ಮುಟ್ಟಬ್ಯಾಡ್ರಿ."

ಇಂಥ ಮೂರು ತಲೆಯ ಕೆಳಗೆ ಹುಟ್ಟಿದವಳು ಶಿವಕಾಂತಾ. ಶಾಲೆಗೆ ಹೋದದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ಕಲಿತದ್ದು ಲಾರಿಗಳ ಬೆನ್ನಿನ ಮೇಲೆ. ಕಥೆ ಕಲಿತದ್ದು ಮಾತ್ರ ಅಪ್ಪನ ಕುಂಚ ಒರೆಸುವ ಕಾಗದದಿಂದ. ಚಂದ್ರಾಮಪ್ಪ ರದ್ದಿ ಅಂಗಡಿಯಿಂದ ಮಕ್ಕಳ ಮಾಸಪತ್ರಿಕೆಗಳ ಹಳೆಯ ಪ್ರತಿಗಳನ್ನು ಕಟ್ಟಿನಲ್ಲಿ ತರುತ್ತಿದ್ದ. ಅವನಿಗೆ ಅದು ಬಣ್ಣ ಒರೆಸುವ ವಸ್ತು. ಮಗಳು ಅವನ ಕೈಗಿಂತ ಮುಂಚೆ ಕೈ ಹಾಕಿ ಚಿತ್ರಕಥೆಯ ಪುಟಗಳನ್ನು ಹರಿದಿಟ್ಟುಕೊಳ್ಳುತ್ತಿದ್ದಳು. ಒಂದಕ್ಕೆ ತಲೆ ಇರುತ್ತಿರಲಿಲ್ಲ, ಒಂದಕ್ಕೆ ಬಾಲ ಇರುತ್ತಿರಲಿಲ್ಲ. ನಡುವಿನ ಪುಟಗಳಲ್ಲಿ ಬಡವನಿಗೆ ಹೊನ್ನಿನ ಕೊಡ ಸಿಗುತ್ತಿತ್ತು, ಸೌದೆ ಕಡಿಯುವವನಿಗೆ ಗಿಡ ಮಾತಾಡಿ ವರ ಕೊಡುತ್ತಿತ್ತು, ಮಕ್ಕಳಿಲ್ಲದ ರಾಜ ಸತ್ತ ಊರಿನಲ್ಲಿ ಪಟ್ಟದಾನೆ ಸೊಂಡಿಲಲ್ಲಿ ಹಾರ ಹಿಡಿದು ಬೀದಿ ಸುತ್ತಿ ಒಬ್ಬ ಭಿಕ್ಷುಕನ ಕೊರಳಿಗೆ ಹಾಕಿ ಅವನನ್ನೇ ರಾಜನನ್ನಾಗಿ ಮಾಡುತ್ತಿತ್ತು.

ಆ ಆನೆಯ ಪುಟ ಅವಳನ್ನು ಬಿಡಲಿಲ್ಲ. ಭಿಕ್ಷುಕನ ಹಿಂದೆ ಚಿತ್ರಗಾರ ಒಂದಿಷ್ಟು ತಲೆಗಳನ್ನು ಸಣ್ಣದಾಗಿ ಗೀಚಿದ್ದ. ಶಿವಕಾಂತಾ ಎಣಿಸಿದಳು, ಹನ್ನೊಂದು.

"ಅಪ್ಪಾ, ಈ ಹನ್ನೊಂದು ಮಂದಿ ಆಮ್ಯಾಲ ಏನ್ ಮಾಡಿದ್ರು?"

"ಯಾವ ಹನ್ನೊಂದು ಮಂದಿ ಬೇ?"

"ಆನಿ ದಾಟಿ ಹೋದವ್ರು."

"ಮನಿಗಿ ಹೋಗಿ ರೊಟ್ಟಿ ತಿಂದಿರ್ತಾರ. ಮತ್ತೇನ್ ಮಾಡ್ತಾರ?"

"ಅದನ್ನ ಯಾಕ ಬರದಿಲ್ಲ?"

"ರೊಟ್ಟಿ ತಿನ್ನೋದು ಒಂದು ಕಥಿ ಏನ ಹುಚ್ಚಿ? ಆ ಕಾಗದ ಇಲ್ಲಿ ಕೊಡು, ಕುಂಚ ಒಣಗಾಕತ್ತದ."

ಕಾಗದ ಕೊಟ್ಟಳು. ಹನ್ನೊಂದು ತಲೆಗಳ ಮೇಲೆ ಹಸಿರು ಬಣ್ಣ ಬಳಿದುಹೋಯಿತು. ಆದರೆ ಅವರು ಮನೆಗೆ ಹೋದ ಹಾದಿ ಅವಳ ತಲೆಯೊಳಗೆ ಉಳಿಯಿತು.

ಚೌಡಾಪುರಕ್ಕೆ ಅವಳನ್ನು ಕೊಟ್ಟರು. ಗಂಡ ಶಾಂತಕುಮಾರನದು ರಸ್ತೆಬದಿಯ ಚಹಾದ ಅಂಗಡಿ. ಗಾಣಗಾಪುರಕ್ಕೆ ಹೋಗುವ ಜನ ಇಳಿಯುವ, ಹತ್ತುವ, ಬಸ್ಸು ತಪ್ಪಿಸಿಕೊಂಡು ಕುಳಿತುಕೊಳ್ಳುವ ಜಾಗ. ಪಕ್ಕದಲ್ಲಿ ಲಾಡ್ಲೆಸಾಬನ ಪಂಕ್ಚರ್ ಅಂಗಡಿ. ಅವನಿಗೆ ಒಂದು ಬೋರ್ಡು ಬೇಕಾಗಿತ್ತು. ಪೇಂಟರನ ಮಗಳು ಬಾಜೂಕೇ ಇರುವಾಗ ಆಳಂದಕ್ಕೆ ಯಾಕೆ ಹೋಗಬೇಕೆಂದು ಶಿವಕಾಂತಾಳನ್ನೇ ಕೇಳಿದ. ಅವಳು ರಸ್ತೆಯ ಕಡೆಯ ಗೋಡೆಗೆ ಸುಣ್ಣ ಬಳಿದು, ಮೇಲ್ಗಡೆ ದೊಡ್ಡಕ್ಷರದಲ್ಲಿ ಟೈರು ಟ್ಯೂಬು ಪಂಕ್ಚರ್ ಎಂದು ಬರೆದಳು. ಕೆಳಗೆ ಆಳೆತ್ತರ ಜಾಗ ಖಾಲಿ ಉಳಿಯಿತು.

"ಕೆಳಗೂ ಏನರೆ ಬರೀರಿ ಅಕ್ಕಾ. ಪಂಕ್ಚರ್ ತಗಿಯೋತನ ಕುಂತವ್ರಿಗಿ ನೋಡಾಕ ಏನೂ ಇಲ್ಲ, ನನ್ನ ಮಾರಿ ನೋಡ್ತಾರ, ಜಗಳಾ ತಗೀತಾರ" ಅಂದ ಲಾಡ್ಲೆಸಾಬ.

ಅವಳು ಚೌಕಾಬಾರಾ ಹಾಕುವವರ ಹಾಗೆ ಗೆರೆ ಎಳೆದು ಚಿತ್ರಕಥೆಗೆ ನಾಲ್ಕು ಮನೆ ಮಾಡಿದಳು. ಆ ನಾಲ್ಕು ಮನೆಯೊಳಗೆ ತಿಪ್ಯಾ ಹುಟ್ಟಿದ.

ತಿಪ್ಯಾ ಯಾರೆಂದು ಹೇಳಬೇಕು. ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ತಿಪ್ಪಣ್ಣ ಎಂದು ಹೆಸರಿಡುವುದು ನಮ್ಮ ಕಡೆಯ ರೂಢಿ. ಸಾವು ಕಸವೆಂದು ತಿಳಿದು ಮುಟ್ಟದೆ ದಾಟಿ ಹೋಗಲಿ ಎಂಬ ಉಪಾಯ. ಶಿವಕಾಂತಾಳ ಮೊದಲ ವಾರದ ನಾಲ್ಕು ಮನೆಗಳಲ್ಲಿ ಇದೇ ಇತ್ತು. ಒಂದರಲ್ಲಿ ಕೂಸು ತಿಪ್ಪೆಯ ಮೇಲೆ. ಎರಡರಲ್ಲಿ ಸಾವು ಬಂದು, ಮೂಗು ಮುಚ್ಚಿ, ಕಸವೆಂದು ದಾಟಿತು. ಮೂರರಲ್ಲಿ ಅದರ ಹಿಂದೆಯೇ ಬಂದ ಅದೃಷ್ಟವೂ ಮೂಗು ಮುಚ್ಚಿ, ಕಸವೆಂದು ದಾಟಿತು. ನಾಲ್ಕರಲ್ಲಿ ಅವ್ವ ಕೂಸನ್ನು ಎತ್ತಿಕೊಂಡು ಮೈ ಒರೆಸುತ್ತಿದ್ದಳು. ಟೈರು ಬಿಚ್ಚಿ ಕುಳಿತಿದ್ದ ಲಾರಿಯವನೊಬ್ಬ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಪಂಕ್ಚರ್ ತೆಗೆದು ಮುಗಿದರೂ ಎದ್ದು ಹೋಗಲಿಲ್ಲ.

ಅಲ್ಲಿಂದ ಇಪ್ಪತ್ತೈದು ವರ್ಷ. ಪ್ರತಿ ಭಾನುವಾರ ಸಂಜೆ ಸುಣ್ಣ ಬಳಿದು ಹಳೆಯದನ್ನು ಅಳಿಸುವುದು, ಸೋಮವಾರ ಬೆಳಿಗ್ಗೆ ಹೊಸ ನಾಲ್ಕು ಮನೆ ಬರೆಯುವುದು. ಬಣ್ಣ ಟ್ರ್ಯಾಕ್ಟರಿನವರು ಉಳಿಸಿದ್ದು, ಕುಂಚ ಅಪ್ಪನವು. ಚಹಾದ ಒಲೆ ಉರಿಯುತ್ತಿರುತ್ತಿತ್ತು, ಮಗಳು ಜಯಮಾಲಾ ಸೊಂಟದ ಮೇಲೆ ಇರುತ್ತಿದ್ದಳು, ಮುಂದೆ ಜಯಮಾಲಾ ದೊಡ್ಡವಳಾಗಿ ಜೇವರ್ಗಿಗೆ ಮದುವೆಯಾಗಿ ಹೋದಳು, ಆಮೇಲೆ ಶಾಂತಕುಮಾರ ಎದೆನೋವಿನಿಂದ ತೀರಿಕೊಂಡ. ಗಂಡ ಸತ್ತ ವಾರವೊಂದನ್ನು ಬಿಟ್ಟರೆ ಗೋಡೆ ಖಾಲಿ ಇದ್ದದ್ದು ಯಾರಿಗೂ ನೆನಪಿಲ್ಲ. ಅಳಿಸಿದ ಮೇಲೆ ಯಾವುದರ ಗುರುತೂ ಉಳಿಯಲಿಲ್ಲ. ಅವಳು ಕೂಡಿಡಲಿಲ್ಲ, ಫೋಟೋ ಹೊಡೆಸಲಿಲ್ಲ. ನೆನಪಿದ್ದವರ ನೆನಪಿನಲ್ಲಿ ಇವೆ.

ಒಂದು ವಾರ ಮಳೆ ಎಲ್ಲರ ಹೊಲದ ಮೇಲೆ ಸುರಿದು ತಿಪ್ಯಾನ ಬದುವಿನ ಗೆರೆಗೆ ಸರಿಯಾಗಿ ನಿಂತಿತ್ತು. ತಿಪ್ಯಾ ಬದುವಿನ ಮೇಲೆ ಕುಳಿತು ಆಚೆ ಕಾಲು ಚಾಚಿ ತೊಳೆದುಕೊಂಡ. ಇನ್ನೊಂದು ವಾರ ಅದೃಷ್ಟ ಅವನ ಮನೆಗೆ ಬಂದು ಬಾಗಿಲು ಬಡಿಯಿತು. ಬಾಗಿಲು ತೆರೆದೇ ಇತ್ತು, ಆದರೆ ಅದೃಷ್ಟ ಮರ್ಯಾದೆಯ ಮನುಷ್ಯ, ಕರೆಯದೆ ಒಳಗೆ ಬರುವುದಿಲ್ಲ, ತಿಪ್ಯಾ ನಿದ್ದೆಯಲ್ಲಿದ್ದ. ಮತ್ತೊಂದು ವಾರ ಹೊನ್ನಿನ ಕೊಡ ಅಗೆದು ತೆಗೆದ. ಒಳಗೆ ಒಂದು ಚೀಟಿ ಇತ್ತು: ನನಗೂ ಖಾಲಿಯೇ ಸಿಕ್ಕಿತ್ತು, ಕೊಡ ಗಟ್ಟಿ ಇದೆ, ನೀರಿಗೆ ಬರುತ್ತದೆ. ನಾಲ್ಕನೆಯ ಮನೆಯಲ್ಲಿ ಮಾತ್ರ ಯಾವಾಗಲೂ ಅವನು ಒಂದು ಕೆಲಸಕ್ಕೆ ಎದ್ದು ಹೋಗುತ್ತಿದ್ದ. ಗೆಲ್ಲುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅನ್ನುತ್ತಾರಲ್ಲ, ಆ ಮೊಣಕಾಲುದ್ದ ನೀರಿನಲ್ಲಿ ಪಂಚೆ ಒಗೆದುಕೊಂಡು ಬರುವ ಜಾತಿ ಅವನದು.

ಲಾಡ್ಲೆಸಾಬ ಒಮ್ಮೆ ತಡೆಯಲಾರದೆ ಕೇಳಿದ: "ಅಕ್ಕಾ, ಇವನಿಗಿ ಒಮ್ಮಿ ಆದ್ರೂ ಏನರೆ ಸಿಗಲಿ. ನೋಡಿ ನೋಡಿ ನನಗೇ ಸಂಕಟ ಆಗಾಕತ್ತದ."

"ಸಿಕ್ರ ಕಥಿ ಮುಗೀತು ಭಾಯಿ. ಸಿಕ್ಕವ ನಿಮ್ಮ ಅಂಗಡಿ ಮುಂದ ಯಾಕ ಕುಂದ್ರತಾನ?"

"ಪುಸ್ತಕದಾಗ ಎಲ್ಲಾರಿಗೂ ಸಿಗತದಲ್ಲ?"

"ಬರಿಯೋನಿಗಿ ಮುಂದಿನ ದಾರಿ ಗೊತ್ತಾಗದಾಗ ನಸೀಬಕ್ಕ ಕೂಗತಾನ. ಹಾದಿ ತಪ್ಪಿದ ಗಾಡಿಯವ ಹುಣಸಿ ಗಿಡದ ಕೆಳಗ ಎತ್ತು ಬಿಚ್ಚಿ ಬೀಡಿ ಹಚ್ಚಿದಂಗ ಅದು. ದಾರಿ ಸಿಕ್ಕದ್ದಲ್ಲ, ಕುಂತದ್ದು."

ಮೂರು ವರ್ಷದ ಹಿಂದೆ ಅವಳ ಬಲಗೈ ನಡುಗಲು ಹತ್ತಿತು. ಮೊದಮೊದಲು ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಅನ್ನುತ್ತಿತ್ತು, ಆಮೇಲೆ ಗೋಡೆಯ ಗೆರೆಗಳೂ ನಡುಗತೊಡಗಿದವು. ಜೇವರ್ಗಿಯಲ್ಲಿ ಜಯಮಾಲಾ ವೈದ್ಯರಿಗೆ ತೋರಿಸಿದಳು. ಇದು ನಿಲ್ಲುವುದಲ್ಲ, ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತದೆ ಅಂದರು. ಬಸ್ಸಿನಲ್ಲಿ ಮರಳಿ ಬರುವಾಗ ಶಿವಕಾಂತಾ ತೀರ್ಮಾನ ಮಾಡಿದಳು: ಕೈ ಹೋಗುವುದರೊಳಗೆ ತಿಪ್ಯಾನ ಕಥೆಯನ್ನು ತನ್ನ ಕೈಯಿಂದಲೇ ಮುಗಿಸಬೇಕು. ಎರಡು ವಾರ ಸಾಕು, ಎಂಟು ಮನೆ. ಮುಗಿಸಿ ಮಗಳ ಹತ್ತಿರ ಹೋಗಬೇಕು.

ಮೊದಲ ವಾರದ್ದು ಬರೆದಳು. ಊರಿನಲ್ಲಿ ರಾಜ ಸತ್ತ. ಆನೆ ಹಾರ ಹಿಡಿದು ಹೊರಟಿತು. ತಿಪ್ಯಾ ಬೇವಿನ ಗಿಡದ ಕೆಳಗೆ ಕುಳಿತು ಕಾಲಿನ ಮುಳ್ಳು ತೆಗೆಯುತ್ತಿದ್ದ. ನಾಲ್ಕನೆಯ ಮನೆಯಲ್ಲಿ ಆನೆಯ ನೆರಳು ಅವನ ಮೇಲೆ ಬಿತ್ತು, ಅವನು ಒಂದು ಕಣ್ಣು ಮುಚ್ಚಿ ಮೇಲೆ ನೋಡಿದ. ಇನ್ನು ಉಳಿದದ್ದು ಒಂದೇ ಸೋಮವಾರ.

ಆ ವಾರವೇ ನಿಜಾಮುದ್ದೀನನ ಲಾರಿ ಬಂತು. ಆಳಂದದವನು, ತೊಗರಿ ತುಂಬಿಕೊಂಡು ಹೊರಟಿದ್ದ. ಒಂದೇ ದಿನ ಮೂರನೆಯ ಪಂಕ್ಚರ್. ಸಿಟ್ಟಿನಲ್ಲಿ ಗೋಡೆಯ ಮೇಲಿನ ತಿಪ್ಯಾನ ತಲೆಗೆ ಒಂದು ಏಟು ಕೊಟ್ಟು, "ಲೇ ತಿಪ್ಯಾ, ಎಷ್ಟಂದ್ರೂ ನಿಂದು ಕೆಟ್ಟ ನಸೀಬ ಅದ, ನಂದೂ ನೀನೇ ಇಟ್ಕೊ" ಅಂದು ಹೊರಟ. ಮುಂದೆ ಇಳಿಜಾರಿನಲ್ಲಿ ಬ್ರೇಕು ಹೋಯಿತು. ಲಾರಿ ರಸ್ತೆ ಬಿಟ್ಟು ಉಸುಕಿನ ಗುಡ್ಡೆಯೊಳಗೆ ಮೂಗು ಹೂತು ನಿಂತಿತು. ಅವನಿಗೆ ಗೀರೂ ಬೀಳಲಿಲ್ಲ. ಶನಿವಾರ ಅವನು ಮಲ್ಲಿಗೆ ಹಾರ, ನಿಂಬೆಹಣ್ಣು, ಒಂದು ಬಾಟಲಿ ಎಣ್ಣೆ ತಂದು ತಿಪ್ಯಾನ ತಲೆಗೆ ಸುರಿದ. ಭಾನುವಾರ ಬೆಳಿಗ್ಗೆ ಇನ್ನಿಬ್ಬರು ಡ್ರೈವರ್‌ಗಳು ಬಂದರು. ಸಂಜೆ ಶಿವಕಾಂತಾ ಸುಣ್ಣದ ಬಕೆಟ್ಟು ಹಿಡಿದು ಹೊರಗೆ ಬಂದಾಗ ಗೋಡೆಯ ಮುಂದೆ ಒಂದು ಮದುವೆಯ ದಿಬ್ಬಣವೇ ನಿಂತಿತ್ತು.

"ನಾವು ಈಗ ಇಟ್ಟೇವಿ, ನೀವು ಈಗ ಒರಸಾಕತ್ತೀರಿ! ಒರಸಿದ್ರ ಅದು ಹೊಳ್ಳಿ ನಮ್ಮ ಮ್ಯಾಲ ಬರತದ" ಎಂದು ಮದುಮಗನ ಅತ್ತೆ ಅಡ್ಡ ನಿಂತಳು.

ಇದೇ ನೋಡಿ ಎಡವಟ್ಟಾದದ್ದು. ದೇವರೆಂದು ತಿಳಿದಿದ್ದರೆ ಒಂದು ಮಾತಿತ್ತು. ದೇವರ ಚಿತ್ರ ಹಳೆಯದಾದರೆ ನೀರಿಗೆ ಬಿಟ್ಟು ಹೊಸದು ತರುತ್ತಾರೆ. ಇವರು ತಿಪ್ಯಾನನ್ನು ದೇವರೆನ್ನಲಿಲ್ಲ, ತಮ್ಮ ಕೆಟ್ಟ ಕಾಲ ಇಡುವ ಕಣಜ ಎಂದು ತಿಳಿದರು. ಕಣಜ ಒಡೆದರೆ ಇಟ್ಟದ್ದೆಲ್ಲ ಹೊರಗೆ ಬರುತ್ತದೆ. ಹೀಗಾಗಿ ಅಳಿಸುವ ಹಾಗಿಲ್ಲ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಎಣ್ಣೆ ಇಳಿದಿಳಿದು ಗೋಡೆ ಕರ್ರಗಾಯಿತು. ಎಣ್ಣೆ ಕುಡಿದ ಗೋಡೆಗೆ ಸುಣ್ಣ ಹತ್ತುವುದಿಲ್ಲ, ಬಣ್ಣ ನಿಲ್ಲುವುದಿಲ್ಲ. ಚಂದ್ರಾಮಪ್ಪನ ಮಗಳಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮೂರು ವರ್ಷ ತಿಪ್ಯಾ ಒಂದು ಕಣ್ಣು ಮುಚ್ಚಿಕೊಂಡು, ಆನೆಯ ನೆರಳಿನಲ್ಲಿ, ಮುಂದಿನ ಸೋಮವಾರಕ್ಕೆ ಕಾಯುತ್ತ ಕುಳಿತ.

ಲಾಡ್ಲೆಸಾಬನ ಗೋಳು ಬೇರೆ. "ಅಕ್ಕಾ, ನನ್ನ ಪಂಕ್ಚರ್ ಅಂಗಡಿಗಿ ಈಗ ಚಪ್ಪಲಿ ಬಿಟ್ಟು ಬರ್ತಾರ. ನಿನ್ನೆ ಒಬ್ಬಾಕಿ ನನ್ನ ನೀರಿನ ತೊಟ್ಟಿಯೊಳಗಿನ ನೀರು ತೀರ್ಥ ಅಂತ ಕುಡದಳು. ಅದರಾಗ ನಾ ಟ್ಯೂಬ್ ಮುಳಗಸ್ತೇನಿ!"

"ಏನೂ ಆಗಿಲ್ಲಲ್ಲ?"

"ಮಂಡಿನೋವು ಕಡಿಮಿ ಆಯ್ತಂತ ಹೇಳಿ ಕಳಸ್ಯಾಳ್ರಿ."

ಶಿವಕಾಂತಾ ನಗಲಿಲ್ಲ. ಮೊದಲಾಗಿದ್ದರೆ ಆ ವಾರದ ನಾಲ್ಕು ಮನೆ ಅದೇ ಆಗುತ್ತಿತ್ತು.

ಈ ಮೂರು ವರ್ಷದಲ್ಲಿ ಅವಳು ದಣಿದಷ್ಟು ಹಿಂದಿನ ಅರವತ್ತರಲ್ಲಿ ದಣಿದಿರಲಿಲ್ಲ. ಕೈ ನಡುಕ ಮೊಣಕೈಗೆ ಏರಿತು. ಬಲಗಣ್ಣಿಗೆ ಪೊರೆ ಬಂತು. ಹಾಲು ಉಕ್ಕಿದ್ದು ವಾಸನೆ ಬಂದ ಮೇಲೆ ಗೊತ್ತಾಗುತ್ತಿತ್ತು. ಈ ಬೇಸಿಗೆಯ ಕೊನೆಗೆ ಜಯಮಾಲಾ ಫೋನ್ ಮಾಡಿ, ಅಂಗಡಿ ಸಾಕು, ಹುಣ್ಣಿಮೆಯ ಮರುದಿನ ಬಂದು ಕರೆದುಕೊಂಡು ಹೋಗುತ್ತೇನೆ ಅಂದಳು. ಇವಳು ಹೂಂ ಅಂದಳು. ಹುಣ್ಣಿಮೆಗೆ ಏಳು ದಿನ ಇತ್ತು. ಫೋನ್ ಇಟ್ಟು, ಅಟ್ಟದ ಮೇಲಿನಿಂದ ಅಪ್ಪನ ಕುಂಚಗಳ ಡಬ್ಬಿ ಇಳಿಸಿ, ಗೋಡೆ ಕೆರೆಯುವ ಕಬ್ಬಿಣದ ಪಟ್ಟಿ ಹುಡುಕಿ ತೆಗೆದಳು. ಎಣ್ಣೆ ಹೀರಿದ ಸುಣ್ಣವನ್ನು ಕೆರೆದು ತೆಗೆದರೆ ಕೆಳಗೆ ಒಣ ಗೋಡೆ ಸಿಗುತ್ತದೆ.

ಮರುದಿನ ಬೆಳಿಗ್ಗೆ ಪಟ್ಟಿ ಹಿಡಿದು ಗೋಡೆಯ ಮುಂದೆ ನಿಂತಳು. ಜನ ಇನ್ನೂ ಬಂದಿರಲಿಲ್ಲ. ಒಬ್ಬಳೇ ಒಬ್ಬ ಹೆಂಗಸು, ಗೊಬ್ಬೂರಿನ ಬಾಳಮ್ಮ, ಮೊದಲ ಬಸ್ಸಿಗೆ ಬಂದು ಅಲ್ಲಿ ಕುಳಿತಿದ್ದಳು. ಶಿವಕಾಂತಾಳಷ್ಟೇ ವಯಸ್ಸು. ಪಟ್ಟಿ ನೋಡಿದ್ದೇ ಎದ್ದು ಬಂದು ಎರಡೂ ಕೈಯಿಂದ ಅವಳ ಮುಂಗೈ ಹಿಡಿದಳು.

"ಕೆರೀಬ್ಯಾಡ ನನ್ನವ್ವಾ. ನನ್ನ ಮೊಮ್ಮಗಳಿಗಿ ಫಿಟ್ಸ್ ಬರತಿದ್ವು. ಇಲ್ಲಿ ಇಟ್ಟು ಹೋದ ಮ್ಯಾಲ ಎಂಟು ತಿಂಗಳಾತು, ಒಮ್ಮಿನೂ ಬಂದಿಲ್ಲ."

"ಗುಳಗಿ ಕೊಡಾಕತ್ತೀರಿಲ್ಲ?"

"ಕೊಡ್ತೀವಿ. ದಿನಾ ಎರಡು."

"ಮತ್ತ ಗುಳಗಿ ಮಾಡಿದ ಕೆಲಸ ಯವ್ವಾ ಅದು. ಇದು ನಾ ಬರದ ಗೊಂಬಿ. ನನ್ನ ಮುತ್ಯಾ ಅಚ್ಚಿಗಿ ಎಣ್ಣಿ ಹಾಕದ್ದು ನಸೀಬಲ್ಲಂದಿದ್ದ, ಇದೂ ಅಂಥದ್ದ."

"ಇರಬಹುದು. ನೀ ಓದಿದಾಕಿ" ಅಂದಳು ಬಾಳಮ್ಮ, ಕೈ ಬಿಡದೆ. "ಆದ್ರ ನೀ ಕೆರದ ಮರುದಿನ ಆ ಕೂಸಿಗಿ ಫಿಟ್ಸ್ ಬಂದ್ರ ನಾ ಯಾರನ್ನ ಬೈಯ್ಲಿ? ನಿನ್ನ ಬೈತೇನಿ. ನನಗ ನಿನ್ನ ಬೈಯಾಕ ಹಚ್ಚಬ್ಯಾಡ."

ಶಿವಕಾಂತಾಳಿಗೆ ಮುತ್ತಜ್ಜ ಗುರುಶಾಂತಪ್ಪನಿಗೆ ಬೈದ ಊರವರು ನೆನಪಾದರು. ಅವನು ತಂಬಾಕು ತಿಕ್ಕುತ್ತ ತಾಳಿಕೊಂಡ, ತನಗೂ ತಾಳಿಕೊಳ್ಳುವುದು ಕಷ್ಟವಿರಲಿಲ್ಲ. ಆದರೆ ಈ ಹೆಂಗಸು ದಿನ ಬೆಳಗಾದರೆ ಕೂಸಿನ ಮುಖ ನೋಡಿ ಹೆದರಬೇಕಲ್ಲ. ಶಿವಕಾಂತಾ ಪಟ್ಟಿಯನ್ನು ಕೆಳಗೆ ಇಟ್ಟುಬಿಟ್ಟಳು. ಬಾಳಮ್ಮನಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದಳು.

ಮರಳಿ ಬಂದು ಕೆಳಗಿಟ್ಟ ಪಟ್ಟಿ ಎತ್ತಿಕೊಳ್ಳಲು ಬಗ್ಗಿದಳು. ಆಗ ಕಂಡಿತು. ಗೋಡೆಯ ಬುಡದಲ್ಲಿ, ಎಣ್ಣೆ ಇಳಿದ ಗೆರೆಯ ಕೆಳಗೆ, ಒಂದು ಮೊಳದಷ್ಟು ಒಣ ಗೋಡೆ ಉಳಿದಿತ್ತು. ಲಾಡ್ಲೆಸಾಬ ಹಳೆಯ ಟೈರು ಒರಗಿಸಿ ಇಡುವ ಜಾಗ. ಅಲ್ಲಿಗೆ ಯಾರ ಕೈಯೂ ಬಗ್ಗಿರಲಿಲ್ಲ.

"ಭಾಯಿ, ಈ ಟೈರ್ ಬ್ಯಾರೆ ಕಡಿಗಿ ಇಡ್ರಿ."

"ಅಲ್ಲಿ ನಾಯಿ ಕಾಲೆತ್ತತಾವ ಅಕ್ಕಾ. ಅಲ್ಲಿ ಏನ್ ಬರೀತೀರಿ?"

"ತಿಪ್ಪಿ ಮ್ಯಾಲ ಹುಟ್ಟಿದವಗ ನಾಯಿ ಏನ್ ಹೊಸಾವು?"

ತೊಳೆದು, ಸುಣ್ಣ ಬಳಿದು, ಒಂದು ದಿನ ಒಣಗಲು ಬಿಟ್ಟಳು. ಉಳಿದದ್ದು ಐದು ದಿನ. ಗೋಡೆಯ ಬುಡದಲ್ಲಿ ಬರೆಯಬೇಕೆಂದರೆ ಕುಳಿತರೂ ಆಗುವುದಿಲ್ಲ. ಗೋಣಿಚೀಲ ಹಾಸಿ, ಎಡಗಡೆ ಮಗ್ಗುಲಾಗಿ ಮಲಗಿ, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಬರೆದಳು. ಇದ್ದ ಒಂದು ಒಳ್ಳೆಯ ಕಣ್ಣು ನೆಲದ ಕಡೆಗೆ ಬಂತು. ಮೊದಲು ಬೆಳಗಿನ ಒಂದು ತಾಸಿನಲ್ಲಿ ನಾಲ್ಕು ಮನೆ ಮುಗಿಯುತ್ತಿದ್ದವು. ಈಗ ದಿನಕ್ಕೆ ಒಂದು.

ಮೊದಲ ಮನೆಯಲ್ಲಿ ಆನೆ ಹಾರ ಚಾಚಿತ್ತು. ಯಾಕಪ್ಪಾ ಇಷ್ಟು ತಡ, ಎಂದು ತಿಪ್ಯಾ ಕೇಳುತ್ತಿದ್ದ. ದಾರಿಯಲ್ಲಿ ಬಹಳ ಮಂದಿ ಕುತ್ತಿಗೆ ಚಾಚಿ ನಿಂತಿದ್ದರು, ಎಂದು ಆನೆ ಹೇಳುತ್ತಿತ್ತು. ಲಾರಿಯವರು ಬಗ್ಗಿ, ಮೊಣಕಾಲೂರಿ, ಕೆಲವರು ನೆಲಕ್ಕೆ ಕೆನ್ನೆ ಹಚ್ಚಿ ಓದಿದರು. ಮೂರು ವರ್ಷದ ಮೇಲೆ ಆ ಗೋಡೆಯ ಮುಂದೆ ನಗೆ ಕೇಳಿತು. ಎರಡನೆಯ ದಿನದ ಮನೆಯಲ್ಲಿ ತಿಪ್ಯಾ ಹಾರ ಕೈಗೆ ತೆಗೆದುಕೊಂಡು ಆನೆಯ ಹೊಟ್ಟೆ ನೋಡಿದ, ಬೆನ್ನಿಗೆ ಹತ್ತಿತ್ತು. ಮುಂಜಾನೆಯಿಂದ ಏನಾದರೂ ತಿಂದೆಯೇನು, ಎಂದು ಆನೆಯನ್ನು ಕೇಳಿದ. ಮೂರನೆಯ ದಿನದ ಮನೆಯಲ್ಲಿ ಆನೆ ಹಾರ ತಿನ್ನುತ್ತಿತ್ತು. ಬಾಯಿಯ ತುದಿಯಲ್ಲಿ ಒಂದು ಚೆಂಡುಹೂವು. ಹಿಂದೆ ಮಂತ್ರಿ ತಲೆ ಹಿಡಿದುಕೊಂಡಿದ್ದ, ಮತ್ತು ಅವನ ಹಿಂದೆ ಸಣ್ಣಗೆ ಗೀಚಿದ ಹನ್ನೊಂದು ತಲೆಗಳಿದ್ದವು, ಎಲ್ಲವೂ ನಗುತ್ತಿದ್ದವು.

ಅಂದು ಬಾಳಮ್ಮ ಮತ್ತೆ ಬಂದಿದ್ದಳು. ಮೇಲೆ ಒಮ್ಮೆ, ಕೆಳಗೆ ಒಮ್ಮೆ ನೋಡಿದಳು. "ಕೆಳಗಿನ ತಿಪ್ಯಾ ಎದ್ದು ಹೋದ್ರ, ಮ್ಯಾಲಿನವ ನಮ್ಮದು ಹಿಡಕೊಂಡು ಕುಂತಿರ್ತಾನಲ್ಲ ಅಕ್ಕಾ?"

"ಇರ್ತಾನ. ಅವ ಎಲ್ಲಿಗಿ ಹೋಗ್ತಾನ, ಎಣ್ಣಿಯೊಳಗ ಸಿಕ್ಕೊಂಡಾನ."

"ಹಂಗಾದ್ರ ಇವ ಹೋಗಲಿ. ಭಾಳ ದಿನಾ ಕುಂತಾನ" ಎಂದು ಬಾಳಮ್ಮ ಕೆಳಗಿನ ತಿಪ್ಯಾನ ಮುಂದಿನ ಕಸ ಸೆರಗಿನಿಂದ ಸರಿಸಿದಳು.

ನಾಲ್ಕನೆಯ ದಿನ ಕೈ ಮುಚ್ಚಲಿಲ್ಲ. ಬೆರಳುಗಳು ಕುಂಚವನ್ನು ಹಿಡಿಯಲೊಲ್ಲವು. ಶಿವಕಾಂತಾ ಕಸದ ಗುಂಪೆಯಿಂದ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ ಹೆಕ್ಕಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕುಂಚವನ್ನು ಬೆರಳಿಗೆ ಸುತ್ತಿ ಕಟ್ಟಿಕೊಂಡಳು. ಚೌಕದ ಗೆರೆ ಎಳೆಯುವುದರೊಳಗೆ ಬಿಸಿಲು ನೆತ್ತಿಗೆ ಬಂತು. ಒಳಗೆ ಬರೆಯಬೇಕಾದದ್ದು ಬಹಳ ಇರಲಿಲ್ಲ: ಹೆಗಲ ಮೇಲೆ ಕುಡುಗೋಲು ಇಟ್ಟುಕೊಂಡು, ನಮ್ಮ ಕಡೆ ಬೆನ್ನು ಮಾಡಿ ಹೊರಟ ತಿಪ್ಯಾ. ಆದರೆ ಬೆನ್ನು ಬರೆಯುವುದೇ ಕಷ್ಟ. ಮುಖ ತಪ್ಪಿದರೆ ಮೀಸೆ ಎಳೆದು ಸುಧಾರಿಸಬಹುದು. ಬೆನ್ನು ಒಂದೇ ಗೆರೆ.

ಆಗ ಅಫಜಲಪುರದ ಸಂತೋಷಕುಮಾರ ಕಾರಿನಿಂದ ಇಳಿದ. ತಿಪ್ಪಣ್ಣ ಮುತ್ಯಾ ಸೇವಾ ಸಮಿತಿ ಎಂದು ಮಾಡಿಕೊಂಡವರಿಗೆ ಇವನೇ ಅಧ್ಯಕ್ಷ. ಬ್ಯಾನರ್ ಛಾಪಿಸುವ ಅಂಗಡಿ ಇದೆ. ಕೆಟ್ಟ ಮನುಷ್ಯನಲ್ಲ. ಎರಡು ಸಲ ಒಣಗಿದ ಬೋರು ಮೂರನೆಯ ಸಲ ನೀರು ಕೊಟ್ಟದ್ದು ತಿಪ್ಯಾನಿಂದ ಎಂದು ಮನಸಾರೆ ನಂಬಿದವನು. ಹಣ್ಣು ಹಂಚಲು ಬಂದಿದ್ದ. ನೆಲದ ಮೇಲೆ ಮಗ್ಗುಲಾದ ಮುದುಕಿಯನ್ನು ನೋಡಿ ಗಾಬರಿಯಾದ.

"ಅಯ್ಯ ಅವ್ವಾರ, ಇದೇನ್ರಿ ಈ ಬಿಸಲಾಗ! ಏಳ್ರಿ, ಏಳ್ರಿ. ಲಾಡ್ಲೆಭಾಯಿ, ನೀವಾದ್ರೂ ಹೇಳಬಾರದೇನ್ರಿ?"

"ನಾಕು ದಿನದಿಂದ ಹೇಳಾಕತ್ತೇನಿ. ಟ್ಯೂಬ್‌ಗೆ ಹೇಳಿದ್ರ ಗಾಳಿ ಬಿಟ್ಟಾದ್ರೂ ಉತ್ತರಾ ಕೊಡತದ" ಅಂದ ಲಾಡ್ಲೆಸಾಬ.

ಸಂತೋಷಕುಮಾರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತ. "ಅವ್ವಾರ, ನನ್ನ ಕೂಡ ಪೇಂಟರ್ ಬಂದಾನ, ಕಾರಿನ್ಯಾಗ ಅದಾನ. ಭಾಳ ಚಲೋ ಕೈ. ನೀವು ನೆರಳಿನ್ಯಾಗ ಖುರ್ಚಿ ಮ್ಯಾಲ ಕುಂದರ್ರಿ, ಹಿಂಗ ಬರಿ, ಹಂಗ ಬರಿ ಅನ್ರಿ, ಹತ್ತು ಮಿನಿಟಿನ್ಯಾಗ ಮುಗಸ್ತಾನ. ಕೆಳಗ ನಿಮ್ಮ ಹೆಸರೇ ಹಾಕ್ತಾನ. ಬ್ಯಾಡಂದ್ರ ಬ್ಯಾನರ್ ಮಾಡಸ್ತೇನಿ, ಮಳಿಗೂ ಹೋಗಂಗಿಲ್ಲ. ಒಂದೇ ಮನಿ ಉಳದದ. ಉಳದದ್ದು ಅವ ಬರದ್ರ ಏನ್ ವ್ಯತ್ಯಾಸ ಆಗತದ?"

ಲಾಡ್ಲೆಸಾಬ ದನಿ ತಗ್ಗಿಸಿದ. "ಒಪ್ಪಿಕೋರಿ ಅಕ್ಕಾ. ನಾಳಿ ಹುಣ್ಣಿಮಿ. ನಾಡದ ಜಯಮಾಲಾ ಬರ್ತಾಳ. ಕೈ ಇವತ್ತೇ ಮುಚ್ಚವಲ್ದು, ನಾಳಿ ಹೆಂಗ?"

ಶಿವಕಾಂತಾ ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ಅವರಿಬ್ಬರನ್ನೂ ನೋಡಿದಳು. ರಬ್ಬರ್ ಪಟ್ಟಿ ಬಿಗಿದ ಬೆರಳುಗಳು ನೀಲಿಗಟ್ಟಿದ್ದವು. ಸಂತೋಷಕುಮಾರ ಅವಳನ್ನು ಎಬ್ಬಿಸಲು ಕೈ ಚಾಚಿದ್ದ.

"ಬ್ಯಾಡ್ರೀ ಸಾಹೇಬ್ರ" ಅಂದಳು. "ನಿಮ್ಮ ಪೇಂಟರಂದು ಚಲೋ ಕೈ ಇರಬಹುದು. ಚಲೋ ಕೈ ತಿಪ್ಯಾಗ ಒಗ್ಗಂಗಿಲ್ಲ. ಈ ನಾಕು ದಿನ ನಾ ನಡಗಕೋತ ಬರದೇನಿ, ಅವನೂ ನಡಗಕೋತ ಬಂದಾನ. ಈಗ ಕಡಿ ಮನಿಯೊಳಗ ಒಮ್ಮಿಗೇ ಸೆಟದು ನಿಂತು ಹೊಂಟ್ರ ಮಂದಿ ಏನಂತಾರ? ನಸೀಬ ಖುಲಾಯಿಸ್ತು ಅಂತಾರ. ಅದನ್ನ ಅನಸಬಾರದಂತನೇ ಇಪ್ಪತ್ತೆಂಟು ವರ್ಷ ಅವನ್ನ ಕಾಪಾಡ್ಕೋತ ಬಂದೇನಿ. ಇವತ್ತು ಆಗಲಿಲ್ಲಂದ್ರ ನಾಳಿ ಬರೀತೇನಿ, ನಾಳಿನೂ ಆಗಲಿಲ್ಲಂದ್ರ ಖಾಲಿ ಮನಿ ಇರಲಿ, ಎದ್ದು ಹೋಗ್ಯಾನ ಅಂತ ತಿಳಕೋತಾರ. ಆ ಖುರ್ಚಿ ಬ್ಯಾಡ, ಬ್ಯಾನರ್ ಬ್ಯಾಡ. ಕೈನೂ ಕೊಡಬ್ಯಾಡ್ರಿ, ಏಳೋದಿದ್ರ ನಾನೇ ಏಳತೇನಿ."